ಹ್ಯಾಂಬರ್ಗರ್‌ಗೆ ರುಚಿ ಕೂಡಿ ಬಂದ ಬಗೆ

ಹ್ಯಾಂಬರ್ಗರ್ ಬನ್ನಿನೊಳಗೆ ಸೇರುವ ಮೊದಲು ತಟ್ಟೆಯಲ್ಲಿತ್ತು. 19ನೆಯ ಶತಮಾನದಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಹಡಗು ಹತ್ತಿದ ಲಕ್ಷಾಂತರ ವಲಸಿಗರು ಅಮೆರಿಕಕ್ಕೆ ಬಂದಿಳಿದರು. ನ್ಯೂಯಾರ್ಕಿನಂಥ ನಗರಗಳ ಊಟದ ಮನೆಗಳಲ್ಲಿ ಆ ಬಂದರಿನ ಹೆಸರು ಹೊತ್ತ ‘ಹ್ಯಾಂಬರ್ಗ್ ಸ್ಟೇಕ್’ ಬಳಕೆಗೆ ಬಂತು. ಕೊಚ್ಚಿದ ದನದ ಮಾಂಸವನ್ನು ತಟ್ಟಿ, ಬೇಯಿಸಿ, ಈರುಳ್ಳಿಯ ಜೊತೆ ಚಾಕು, ಫೋರ್ಕ್ ಇಟ್ಟು ಬಡಿಸುತ್ತಿದ್ದ ಖಾದ್ಯ ಅದು. ಹಲ್ಲಿಗೆ ಬಗ್ಗದ ಅಗ್ಗದ ಮಾಂಸವನ್ನೂ ಕೊಚ್ಚಿದರೆ ಮೆತ್ತಗಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಮೆತ್ತಗಾದ ಮಾಂಸಕ್ಕೆ ರುಚಿ ಕೂಡಿಸುವುದು ಬೇರೆಯ ಕೆಲಸ. ಆ ರುಚಿಯನ್ನು ಮಾಂಸದೊಳಗೆ ಕಲಸಬೇಕೋ, ಮೇಲೆ ಹೊದಿಸಬೇಕೋ ಎಂಬ ವಿಷಯದಲ್ಲಿ ಅಡುಗೆಯವರ ಅಭಿಪ್ರಾಯ ಮುಂದಿನ ಕಾಲದಲ್ಲಿ ಹಲವು ಸಲ ಬದಲಾಯಿತು.

ಮೊದಮೊದಲು ಎಲ್ಲವೂ ಒಳಗೇ ಸೇರುತ್ತಿತ್ತು. ಬಾಸ್ಟನ್ ಅಡುಗೆ ಶಾಲೆಯಲ್ಲಿ ಕಲಿಸುತ್ತಿದ್ದ ಮೇರಿ ಲಿಂಕನ್ 1884ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹ್ಯಾಂಬರ್ಗ್ ಸ್ಟೇಕ್ ಮಾಡುವ ಕ್ರಮವಿದೆ. ಮಾಂಸದ ಬಿಲ್ಲೆಯನ್ನು ನಾರು ಮುರಿಯುವಷ್ಟು ಜಜ್ಜಬೇಕು. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು ಅದರ ಮೇಲೆ ಹರಡಬೇಕು. ಆಮೇಲೆ ಅಂಚುಗಳನ್ನು ಮಡಿಸಿ, ಈರುಳ್ಳಿ ನಡುವೆಯೇ ಉಳಿಯುವಂತೆ ಮತ್ತೆ ಜಜ್ಜಿ ಸುಡಬೇಕು. ಅದೇ ಶಾಲೆಯ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಜಜ್ಜುವ ಗೋಜನ್ನು ಬಿಟ್ಟು ಕೊಚ್ಚಿದ ಮಾಂಸಕ್ಕೆ ಬಂದರು. ಉಪ್ಪು, ಮೆಣಸನ್ನು ಧಾರಾಳವಾಗಿ ಹಾಕಿ, ಕೆಲವು ಹನಿ ಈರುಳ್ಳಿ ರಸ ಬೆರೆಸಿ, ಬೇಕೆನಿಸಿದರೆ ತುರಿದ ಜಾಯಿಕಾಯಿ ಮತ್ತು ಒಂದು ಮೊಟ್ಟೆ ಸೇರಿಸಿ ಕಲಸುವುದು ಅವರ ವಿಧಾನ. ಜರ್ಮನ್ ಮನೆಗಳಲ್ಲಿ ಮಾಡುವ ಮಾಂಸದ ಉಂಡೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಜಾಯಿಕಾಯಿ ಮಾಂಸಕ್ಕೆ ಪರಿಮಳ ಕೊಡುತ್ತಿತ್ತು, ಮೊಟ್ಟೆ ಅದನ್ನು ಹಿಡಿದಿಡುತ್ತಿತ್ತು. ಮನೆಯಲ್ಲಿ ಬರ್ಗರ್ ಮಾಡುವವರು ಇಂದಿಗೂ ಕೈಮಾಕ್ಕೆ ಮೊಟ್ಟೆ, ಬ್ರೆಡ್ ಪುಡಿ ಬೆರೆಸುತ್ತಾರಲ್ಲ, ಆ ಅಭ್ಯಾಸದ ಬೇರು ಇಲ್ಲಿದೆ.

ಈ ಸ್ಟೇಕನ್ನು ಎರಡು ತುಂಡು ಬ್ರೆಡ್ಡಿನ ನಡುವೆ ಮೊದಲು ಇಟ್ಟವರು ಯಾರೆಂಬ ಜಗಳ ಇನ್ನೂ ಬಗೆಹರಿದಿಲ್ಲ, ಬಗೆಹರಿಯುವ ಲಕ್ಷಣವೂ ಇಲ್ಲ. ವಿಸ್ಕಾನ್ಸಿನ್ನಿನ ಸೀಮೋರ್ ಊರಿನವರು 1885ರ ಜಾತ್ರೆಯಲ್ಲಿ ಮಾಂಸದ ಉಂಡೆಯನ್ನು ಬ್ರೆಡ್ಡಿನಲ್ಲಿ ಒತ್ತಿ ಮಾರಿದ ಚಾರ್ಲಿ ನಾಗ್ರೀನ್ ಹೆಸರು ಹೇಳುತ್ತಾರೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಹ್ಯಾಂಬರ್ಗ್ ಎಂಬ ಊರಿನ ಜಾತ್ರೆಯಲ್ಲಿ ಮೆಂಚಸ್ ಸಹೋದರರು ಮಾರಿದ್ದೇ ಮೊದಲನೆಯದು ಎಂದು ಅವರ ವಂಶಸ್ಥರ ವಾದ. ಕೈಮಾಕ್ಕೆ ಕಾಫಿಪುಡಿ ಮತ್ತು ಕಂದು ಸಕ್ಕರೆ ಬೆರೆಸುತ್ತಿದ್ದರಂತೆ. ಟೆಕ್ಸಾಸಿನ ಅಥೆನ್ಸ್ ಊರಿನವರ ಕಥೆಯಲ್ಲಿ ಸಾಸಿವೆ ಬೆರೆಸಿದ ಮೇಯೊನೇಸ್, ಹಸಿ ಈರುಳ್ಳಿ, ಸೌತೆ ಉಪ್ಪಿನಕಾಯಿ ಬರುತ್ತವೆ. ಕನೆಕ್ಟಿಕಟ್‌ನ ನ್ಯೂ ಹೇವನ್ನಿನಲ್ಲಿರುವ ‘ಲೂಯಿಸ್ ಲಂಚ್’ ಎಂಬ ಪುಟ್ಟ ಅಂಗಡಿ 1900ರಿಂದ ತಾನು ಬರ್ಗರ್ ಮಾರುತ್ತಿರುವುದಾಗಿ ಹೇಳುತ್ತದೆ. ಅಲ್ಲಿ ಈಗಲೂ ಎರಕದ ಕಬ್ಬಿಣದ ಹಳೆಯ ಗ್ಯಾಸ್ ಒಲೆಗಳಲ್ಲಿ ಮಾಂಸವನ್ನು ನಿಲ್ಲಿಸಿ ಸುಟ್ಟು, ಬಿಸಿ ಮಾಡಿದ ಬ್ರೆಡ್ಡಿನ ನಡುವೆ ಕೊಡುತ್ತಾರೆ. ಚೀಸ್, ಟೊಮೆಟೊ, ಈರುಳ್ಳಿ ಸಿಗುತ್ತವೆ. ಕೆಚಪ್ ಕೇಳಿದವರಿಗೆ ಇಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಕಥೆಗಳಲ್ಲಿ ಎಷ್ಟು ನಿಜ ಎಂಬುದಕ್ಕಿಂತ ಅವುಗಳಲ್ಲಿ ಕಾಣುವ ಬದಲಾವಣೆ ಮುಖ್ಯ. ಒಂದು ಕೈಯಲ್ಲಿ ಹಿಡಿದು, ನಡೆದಾಡುತ್ತ ತಿನ್ನುವ ತಿಂಡಿಗೆ ಗಟ್ಟಿ ಸಾರು ಸುರಿಯಲಾಗದು. ಹೋಳಾಗಿ ಕತ್ತರಿಸಬಹುದಾದದ್ದು, ಸವರಬಹುದಾದದ್ದು ಮಾತ್ರ ಅದರ ಮೇಲೆ ನಿಲ್ಲುತ್ತದೆ. ಜಾತ್ರೆಯ ಅಂಗಡಿಯವನಿಗೆ ಪ್ರತಿ ಗಿರಾಕಿಗೂ ಬೇರೆ ಬೇರೆ ಮಾಂಸ ಕಲಸುವ ಬಿಡುವಿರಲಿಲ್ಲ. ಒಂದೇ ಹದದ ಕೈಮಾವನ್ನು ಸುಟ್ಟು, ಮೇಲೆ ಕೇಳಿದ್ದನ್ನು ಹಾಕಿಕೊಡುವುದು ಅವನಿಗೂ ಸುಲಭ.

1906ರಲ್ಲಿ ಅಪ್ಟನ್ ಸಿಂಕ್ಲೇರ್ ಅವರ ‘ದ ಜಂಗಲ್’ ಕಾದಂಬರಿ ಷಿಕಾಗೊದ ಮಾಂಸದ ಕಾರ್ಖಾನೆಗಳ ಒಳಗಿನ ಕೊಳಕನ್ನು ಬಯಲಿಗೆಳೆಯಿತು. ಅದೇ ವರ್ಷ ಮಾಂಸ ತಪಾಸಣೆಯ ಕಾನೂನು, ಆಹಾರ ಶುದ್ಧತೆಯ ಕಾನೂನು ಎರಡೂ ಬಂದವು. ಕೊಚ್ಚಿದ ಮಾಂಸದ ಮೇಲಿನ ಅನುಮಾನ ಮಾತ್ರ ಹೋಗಲಿಲ್ಲ. ಏನನ್ನು ಕೊಚ್ಚಿದ್ದಾರೆ ಎಂದು ನೋಡಿ ತಿಳಿಯುವಂತಿಲ್ಲ, ಮಸಾಲೆ ಬೆರೆಸಿದ್ದರಂತೂ ಮೂಗಿಗೂ ಸುಳಿವು ಸಿಗದು. ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ 1916ರಿಂದ ಬರ್ಗರ್ ಮಾರುತ್ತಿದ್ದ ವಾಲ್ಟರ್ ಆಂಡರ್ಸನ್, ವ್ಯಾಪಾರಿ ಎಡ್ಗರ್ ಇಂಗ್ರಮ್ ಜೊತೆ ಸೇರಿ 1921ರಲ್ಲಿ ತೆರೆದ ‘ವೈಟ್ ಕ್ಯಾಸಲ್’ ಈ ಅನುಮಾನವನ್ನು ಎದುರಿಸಲೆಂದೇ ರೂಪುಗೊಂಡಂತಿತ್ತು. ಬಿಳಿ ಗೋಡೆ, ಬಿಳಿ ಉಡುಪು, ಗಿರಾಕಿಯ ಕಣ್ಣೆದುರೇ ಅಡುಗೆ, ಬೆಲೆ 5 ಸೆಂಟ್. ಕೈಮಾ ಉಂಡೆಯನ್ನು ಕಾದ ಕಾವಲಿಯ ಮೇಲಿಟ್ಟು, ಹೆಚ್ಚಿದ ಈರುಳ್ಳಿಯನ್ನು ಅದರ ಮೇಲೆ ಸಟ್ಟುಗದಿಂದ ಒತ್ತಿ ಚಪ್ಪಟೆ ಮಾಡುವುದು ಆಂಡರ್ಸನ್ನರ ಕೈಚಳಕ. ಮುಂದೆ ಈ ಸಂಸ್ಥೆ ಕಾವಲಿಯ ಮೇಲೆ ಈರುಳ್ಳಿಯನ್ನು ಹಾಸಿ, ಅದರ ಮೇಲೆ ಮಾಂಸವಿಟ್ಟು ಹಬೆಯಲ್ಲೇ ಬೇಯಿಸುವ ಪದ್ಧತಿಗೆ ಬಂತು. 1954ರಿಂದ ಅದರ ಚೌಕ ಪ್ಯಾಟಿಗಳಿಗೆ, ಅಂದರೆ ಮಾಂಸದ ಬಿಲ್ಲೆಗಳಿಗೆ, ಐದು ತೂತುಗಳೂ ಬಂದವು. ಹಬೆ ಅವುಗಳ ಮೂಲಕ ಏರಿ ಮೇಲ್ಭಾಗವನ್ನೂ ಬೇಯಿಸುವುದರಿಂದ ತಿರುವಿ ಹಾಕುವ ಕೆಲಸವೇ ಉಳಿಯಲಿಲ್ಲ.

ಈರುಳ್ಳಿಯ ಬಳಕೆ ಅತ್ಯಂತ ಚೆನ್ನಾಗಿ ಒದಗಿದ್ದು ಓಕ್ಲಹೋಮ ರಾಜ್ಯದ ಎಲ್ ರೀನೊ ಎಂಬ ರೈಲ್ವೆ ಊರಿನಲ್ಲಿ. 1920ರ ದಶಕದಲ್ಲಿ ಹುಟ್ಟಿ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಬೇರೂರಿದ ಅಲ್ಲಿನ ಬರ್ಗರ್‌ನ ಲೆಕ್ಕ ಸರಳ: ಮಾಂಸ ತುಟ್ಟಿ, ಈರುಳ್ಳಿ ಅಗ್ಗ. ಕೂದಲಿನಷ್ಟು ತೆಳುವಾಗಿ ಹೆಚ್ಚಿದ ಈರುಳ್ಳಿಯ ರಾಶಿಯನ್ನು ಮಾಂಸದ ಉಂಡೆಯ ಮೇಲೆ ಹೇರಿ, ಅಗಲವಾದ ಸಟ್ಟುಗದಿಂದ ಜೋರಾಗಿ ಒತ್ತುತ್ತಾರೆ. ಮಾಂಸ ತೆಳ್ಳಗೆ ಹರಡಿಕೊಂಡು ಈರುಳ್ಳಿ ಅದರೊಳಗೆ ಅರ್ಧ ಹೂತುಹೋಗುತ್ತದೆ. ತಿರುವಿ ಹಾಕಿದಾಗ ಈರುಳ್ಳಿ ಕೆಳಗಾಗಿ, ಮಾಂಸದಿಂದ ಇಳಿದ ಕೊಬ್ಬಿನಲ್ಲೇ ಹುರಿಯತೊಡಗುತ್ತದೆ. ಅಂಚಿನ ಎಳೆಗಳು ಕಪ್ಪಾಗಿ ಗರಿಗರಿಯಾಗುತ್ತವೆ, ನಡುವಿನವು ಕರಗಿ ಸಿಹಿಯಾಗುತ್ತವೆ. ಬನ್ನನ್ನು ಮಾಂಸದ ಮೇಲೆಯೇ ಮುಚ್ಚಳದಂತೆ ಇಡುವುದರಿಂದ ಏಳುವ ಆವಿಯೆಲ್ಲ ಅದಕ್ಕೆ ಹಿಡಿದು ಬನ್ ಕೂಡ ಈರುಳ್ಳಿಯ ವಾಸನೆ ಹೀರುತ್ತದೆ. ಮಾಂಸವನ್ನು ಹಿಗ್ಗಿಸಲು ಹೂಡಿದ ಉಪಾಯ ಕೊನೆಗೆ ಬೇರೆಲ್ಲ ಬಗೆಗಳಿಗಿಂತ ರುಚಿಯಾಗಿ ಬಂದದ್ದು ಅದೃಷ್ಟವೇ ಸರಿ. ಕಷ್ಟದ ದಿನಗಳ ಎಲ್ಲ ಉಪಾಯಗಳಿಗೂ ಈ ಭಾಗ್ಯವಿರಲಿಲ್ಲ. ಮಿಸಿಸಿಪ್ಪಿಯ ಕೊರಿಂತ್‌ನಲ್ಲಿ ಮಾಂಸಕ್ಕೆ ಹಿಟ್ಟು ಬೆರೆಸಿ ಎಣ್ಣೆಯಲ್ಲಿ ಕರಿದು ಮಾರಿದ ಬರ್ಗರ್ ಆ ಸುತ್ತಿನಿಂದಾಚೆಗೆ ಹೆಚ್ಚು ಹೋಗಲಿಲ್ಲ.

ಬಾಟಲಿಯಲ್ಲಿ ಬಂದ ಮಸಾಲೆಗಳ ಕಥೆ ಇನ್ನೂ ಉದ್ದ. ಕೆಚಪ್‌ನ ಮೂಲ ದಕ್ಷಿಣ ಚೀನಾದ ಕರಾವಳಿಯ, ಉಪ್ಪಿನಲ್ಲಿ ಹುದುಗಿಸಿದ ಮೀನಿನ ರಸ. ಅದನ್ನು ಏಷ್ಯಾದಲ್ಲಿ ಸವಿದ ಇಂಗ್ಲಿಷ್ ವ್ಯಾಪಾರಿಗಳ ನಾಡಿನಲ್ಲಿ ಅಣಬೆ, ಅಕ್ರೋಟುಗಳಿಂದ ಅನುಕರಣೆಗಳು ತಯಾರಾದವು. ಟೊಮೆಟೊ ಸೇರಿದ್ದು ಅಮೆರಿಕದಲ್ಲಿ. ಫಿಲಡೆಲ್ಫಿಯಾದ ವೈದ್ಯ ಜೇಮ್ಸ್ ಮೀಸ್ 1812ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಪಿಟ್ಸ್‌ಬರ್ಗ್‌ನ ಹೆನ್ರಿ ಹೈನ್ಸ್ 1876ರಲ್ಲಿ ಟೊಮೆಟೊ ಕೆಚಪ್ ತಯಾರಿಕೆಗೆ ಇಳಿದರು. ಆ ಶತಮಾನದ ಕೊನೆಯ ಹೊತ್ತಿಗೆ ಮಾರುಕಟ್ಟೆಯಲ್ಲಿದ್ದ ಬಹುಪಾಲು ಕೆಚಪ್ ತೆಳ್ಳಗಿದ್ದು, ಕೆಡದಂತೆ ಬೆಂಜೊಯೇಟ್ ಬೆರೆಸಿಕೊಂಡಿರುತ್ತಿತ್ತು. ಆಹಾರ ಶುದ್ಧತೆಯ ಚಳವಳಿಯ ಮುಂಚೂಣಿಯಲ್ಲಿದ್ದ ರಸಾಯನ ವಿಜ್ಞಾನಿ ಹಾರ್ವೆ ವೈಲಿ ಈ ರಾಸಾಯನಿಕದ ವಿರುದ್ಧ ನಿಂತಾಗ ಹೈನ್ಸ್ ವೈಲಿಯವರ ಪಕ್ಷ ಹಿಡಿದರು. ರಾಸಾಯನಿಕವಿಲ್ಲದೆ ಕೆಚಪ್ ಬಾಳಿಕೆ ಬರಬೇಕಾದರೆ ಚೆನ್ನಾಗಿ ಮಾಗಿದ ಹಣ್ಣು, ಹೆಚ್ಚು ವಿನೆಗರ್, ಹುಳಿಯನ್ನು ಸರಿದೂಗಿಸಲು ಹೆಚ್ಚು ಸಕ್ಕರೆ ಬೇಕಾಯಿತು. ಇಂದಿನ ಕೆಚಪ್ ಗಟ್ಟಿಯಾಗಿ, ಸಿಹಿಹುಳಿಯಾಗಿ ಇರುವುದು ಆ ವಿವಾದದ ಫಲ. ಉಪ್ಪು, ಹುಳಿ, ಸಿಹಿ ಮೂರೂ ಒಂದೇ ಚಮಚದಲ್ಲಿ ಸಿಗುವಾಗ ಮಾಂಸದೊಳಗೆ ಬೇರೇನನ್ನೂ ಕಲಸಬೇಕಾದ ಅಗತ್ಯ ಕಡಿಮೆಯಾಯಿತು.

ಸಾಸಿವೆಯ ಸಾಸ್ ಯುರೋಪಿನಿಂದ ಬಂದದ್ದು, ಮೂಲದಲ್ಲಿ ಕಂದು ಬಣ್ಣದ್ದು, ಮೂಗಿಗೆ ಏರುವಷ್ಟು ಖಾರ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ‘ಫ್ರೆಂಚ್’ ಎಂಬ ಹೆಸರಿನ ಸಂಸ್ಥೆ 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದ ಹೊತ್ತಿಗೆ ಬಿಳಿ ಸಾಸಿವೆಯ ಸೌಮ್ಯ ಬಗೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಕಣ್ಣುಕುಕ್ಕುವ ಹಳದಿ ಸಾಸಿವೆಯದ್ದಲ್ಲ, ಅರಿಶಿನದ್ದು. ಅಮೆರಿಕದ ಬರ್ಗರ್ ಮೇಲಿನ ಹಳದಿ ಗೆರೆಗೆ ನಮ್ಮ ಅಡುಗೆಮನೆಯ ಬಣ್ಣವೇ ಕಾರಣ ಎಂಬುದು ಅಲ್ಲಿಯವರಿಗೆ ಅಷ್ಟಾಗಿ ತಿಳಿದಿಲ್ಲ. ಉಪ್ಪುನೀರಿನಲ್ಲಿ ಸಬ್ಬಸಿಗೆಯೊಡನೆ ಹುಳಿಬರಿಸಿದ ಸೌತೆಕಾಯಿ ಜರ್ಮನ್ ಮತ್ತು ಯಹೂದಿ ವಲಸಿಗರ ಕೊಡುಗೆ. ಕೊಬ್ಬಿನ ಜಿಡ್ಡು ನಾಲಗೆಗೆ ಅಂಟಿಕೊಂಡಾಗ ಅದನ್ನು ಬಿಡಿಸುವುದು ಹುಳಿ. ಬರ್ಗರ್‌ಗೆ ಅಂಟಿಕೊಂಡ ಹಳೆಯ ಸಾಮಗ್ರಿಗಳಲ್ಲಿ ಹಲವು ಒಂದಲ್ಲ ಒಂದು ಬಗೆಯಲ್ಲಿ ಹುಳಿಯಾಗಿರುವುದು ಅದಕ್ಕೇ.

ಚೀಸ್ ತಡವಾಗಿ ಬಂತು. ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ 1920ರ ದಶಕದಲ್ಲಿ ಲಯನಲ್ ಸ್ಟರ್ನ್‌ಬರ್ಗರ್ ಎಂಬ ಹುಡುಗ ಮೊದಲು ಹಾಕಿದನೆಂಬ ಕಥೆಯಿದೆ. ಕೆಂಟಕಿಯ ಲೂಯಿವಿಲ್‌ನ ಹೋಟೆಲೊಂದು 1934ನ್ನು, ಡೆನ್ವರಿನ ಲೂಯಿಸ್ ಬ್ಯಾಲಾಸ್ಟ್ 1935ನ್ನು ಮುಂದಿಡುತ್ತಾರೆ. ಈ ಹಕ್ಕುದಾರರಿಗಿಂತ ದೊಡ್ಡ ಪಾತ್ರ ಜೇಮ್ಸ್ ಕ್ರಾಫ್ಟ್ ಅವರದು. ಮಾಗಿದ ಚೆಡ್ಡರ್ ಚೀಸನ್ನು ಬಿಸಿ ಮಾಂಸದ ಮೇಲಿಟ್ಟರೆ ಎಣ್ಣೆ ಬೇರೆಯಾಗಿ ಒಸರುತ್ತದೆ, ಉಳಿದದ್ದು ರಬ್ಬರಿನಂತಾಗುತ್ತದೆ. ಸಂಸ್ಕರಿಸಿದ ಚೀಸಿಗೆ ಕ್ರಾಫ್ಟ್ 1916ರಲ್ಲಿ ಪೇಟೆಂಟ್ ಪಡೆದರು. ಇಂಥ ಚೀಸಿಗೆ ಸೇರಿಸುವ ಸಿಟ್ರೇಟ್, ಫಾಸ್ಫೇಟ್ ಲವಣಗಳು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಪ್ರೋಟೀನು ಸಡಿಲಗೊಳ್ಳುವಂತೆ ಮಾಡುತ್ತವೆ. ಆಗ ಕೊಬ್ಬು ಹೊರಬೀಳದೆ ಚೀಸ್ ಇಡಿಯಾಗಿ ನಯವಾಗಿ ಕರಗುತ್ತದೆ. 1950ರಲ್ಲಿ ಅದನ್ನು ಕಾರ್ಖಾನೆಯಲ್ಲೇ ಹಾಳೆಗಳಾಗಿ ಕತ್ತರಿಸಿ ಮಾರತೊಡಗಿದ ಮೇಲೆ ಮನೆಯಲ್ಲೂ ಚೀಸ್ ಬರ್ಗರ್ ಮಾಡುವುದು ಕ್ಷಣದ ಕೆಲಸವಾಯಿತು. ಚೀಸ್ ಪಂಡಿತರು ಈ ಹಳದಿ ಹಾಳೆಯನ್ನು ಕಂಡರೆ ಮೂಗು ಮುರಿಯುತ್ತಾರೆ. ಬರ್ಗರ್ ಮೇಲಿನ ಕೆಲಸಕ್ಕೆ ಮಾತ್ರ ಅದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಇಷ್ಟೆಲ್ಲ ಸಾಮಗ್ರಿ ಕೂಡಿದಾಗ ಯಾವುದನ್ನು, ಎಷ್ಟು ಎಂಬ ಪ್ರಶ್ನೆ ಎದ್ದಿತು. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊದಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ತಮ್ಮ ಹೋಟೆಲನ್ನು ಕೆಲವು ತಿಂಗಳು ಮುಚ್ಚಿ, ಹೊಸ ಕ್ರಮದಲ್ಲಿ ತೆರೆದರು. ಬೆಲೆ 15 ಸೆಂಟ್. ಪ್ರತಿ ಬರ್ಗರ್‌ಗೂ ಕೆಚಪ್, ಸಾಸಿವೆ, ಈರುಳ್ಳಿ, ಎರಡು ಬಿಲ್ಲೆ ಉಪ್ಪಿನಕಾಯಿ ಸೌತೆ. ಬೇರೆ ಬೇಕೆಂದವರು ಕಾಯಬೇಕು. ಸಾಸನ್ನು ಒಂದೇ ಒತ್ತಿಗೆ ಅಳತೆಯಷ್ಟು ಬೀಳಿಸುವ ಉಪಕರಣವೂ ಅಲ್ಲಿ ಬಂತು. ಒಂದು ಪೌಂಡಿಗೆ ಹತ್ತು ಪ್ಯಾಟಿ, ಅಂದರೆ ಒಂದಕ್ಕೆ ಸುಮಾರು 45 ಗ್ರಾಂ ಮಾಂಸ. ಇಷ್ಟು ತೆಳುವಾದ ಮಾಂಸದಲ್ಲಿ ನಾಲಗೆಗೆ ಮೊದಲು ಸಿಗುವುದು ಸಾಸಿನ ರುಚಿಯೇ. ಬರ್ಗರ್ ಎಂದರೆ ಅದರ ಮೇಲಿನ ಸಾಮಗ್ರಿ ಎಂಬ ಭಾವನೆ ಒಂದು ಇಡೀ ತಲೆಮಾರಿಗೆ ಇಲ್ಲಿಂದಲೇ ರೂಢಿಯಾಯಿತು. ಮಯಾಮಿಯ ಬರ್ಗರ್ ಕಿಂಗ್ 1957ರಲ್ಲಿ ಟೊಮೆಟೊ, ಲೆಟ್ಯೂಸ್, ಮೇಯೊನೇಸ್ ತುಂಬಿದ ದೊಡ್ಡ ‘ವಾಪರ್’ ತಂದಿತು. 1974ರಲ್ಲಿ ಅದೇ ಸಂಸ್ಥೆ ಗಿರಾಕಿ ತನಗೆ ಬೇಕಾದಂತೆ ಹೇಳಿ ಮಾಡಿಸಿಕೊಳ್ಳಬಹುದೆಂಬುದನ್ನೇ ಜಾಹೀರಾತಿನ ತಿರುಳಾಗಿಸಿಕೊಂಡಿತು. ಅಷ್ಟರಲ್ಲಿ, 1967ರಲ್ಲಿ, ಪೆನ್ಸಿಲ್ವೇನಿಯದ ಯೂನಿಯನ್‌ಟೌನಿನ ಮೆಕ್‌ಡೊನಾಲ್ಡ್ಸ್ ಮಳಿಗೆಯ ಜಿಮ್ ಡೆಲಿಗಾಟಿ ಎರಡು ಪ್ಯಾಟಿ, ನಡುವೆ ಮತ್ತೊಂದು ತುಂಡು ಬನ್, ಮೇಯೊನೇಸಿನಂಥ ಗುಲಾಬಿ ಸಾಸ್ ಇರುವ ‘ಬಿಗ್ ಮ್ಯಾಕ್’ ಮಾಡಿದ್ದರು.

ಮನೆಯ ಬರ್ಗರ್ ಬೇರೆ ದಾರಿ ಹಿಡಿದಿತ್ತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಉಪನಗರಗಳಲ್ಲಿ ಹಿತ್ತಿಲಿರುವ ಸ್ವಂತ ಮನೆಗಳು ಹೆಚ್ಚಿದವು. ಷಿಕಾಗೊ ಬಳಿ ಕಬ್ಬಿಣದ ಕೆಲಸದ ಸಂಸ್ಥೆಯಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಲೋಹದ ಗೋಳವನ್ನು ಅಡ್ಡಕ್ಕೆ ಕತ್ತರಿಸಿ 1952ರಲ್ಲಿ ಮುಚ್ಚಳವಿರುವ ದುಂಡನೆಯ ಕೆಂಡದ ಒಲೆ ಮಾಡಿದರು. ವಾರದ ದಿನಗಳಲ್ಲಿ ಅಡುಗೆಮನೆಯತ್ತ ಸುಳಿಯದ ಗಂಡಸರು ಭಾನುವಾರ ಹಿತ್ತಿಲಿನಲ್ಲಿ ಬಾಣಸಿಗರಾದರು, ಕೈಮಾಕ್ಕೆ ಡಬ್ಬಿಯಲ್ಲಿದ್ದುದನ್ನೆಲ್ಲ ಸುರಿದರು. 1938ರಲ್ಲಿ ಬೆವರ್ಲಿ ಹಿಲ್ಸ್‌ನ ಲಾರೀಸ್ ಹೋಟೆಲಿನಿಂದ ಬಂದ ಮಸಾಲೆ ಉಪ್ಪು, 1952ರಲ್ಲಿ ಲಿಪ್ಟನ್ ಮಾರುಕಟ್ಟೆಗೆ ತಂದ ಒಣ ಈರುಳ್ಳಿ ಸೂಪಿನ ಪುಡಿ, ವೂಸ್ಟರ್‌ಷೈರ್ ಸಾಸ್ ಇವು ಮೂರು ಮನೆಮನೆಯ ಮಸಾಲೆಗಳಾದವು. ಇಂಗ್ಲೆಂಡಿನ ವೂಸ್ಟರ್ ಊರಿನ ಲೀ ಮತ್ತು ಪೆರಿನ್ಸ್ 1837ರಿಂದ ಮಾರುತ್ತಿರುವ ಈ ಸಾಸಿನಲ್ಲಿ ಆಂಚೊವಿ ಎಂಬ ಸಣ್ಣ ಮೀನು, ಕಾಕಂಬಿ, ವಿನೆಗರ್ ಜೊತೆಗೆ ಹುಣಸೆಹಣ್ಣೂ ಇದೆ. ಬಂಗಾಳದ ಗವರ್ನರ್ ಆಗಿದ್ದ ಸ್ಯಾಂಡಿಸ್ ಪ್ರಭು ಅದರ ವಿಧಾನವನ್ನು ಭಾರತದಿಂದ ಒಯ್ದರೆಂದು ಬಹುಕಾಲ ಹೇಳಿಕೊಂಡು ಬರಲಾಯಿತು. ಆ ಹೆಸರಿನ ಗವರ್ನರ್ ಬಂಗಾಳಕ್ಕೆ ಇರಲೇ ಇಲ್ಲ.

ಮಾಂಸದೊಳಗೆ ಎಷ್ಟನ್ನು ತುಂಬಬಹುದು ಎಂಬುದಕ್ಕೆ ಲೇಖಕ ಅರ್ನೆಸ್ಟ್ ಹೆಮಿಂಗ್ವೇ ಅವರ ಕ್ಯೂಬಾದ ಮನೆಯಲ್ಲಿ ಸಿಕ್ಕ ಕಾಗದವೇ ಸಾಕ್ಷಿ. ಒಂದು ಪೌಂಡ್ ಕೈಮಾಕ್ಕೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಕೇಪರ್ ಮೊಗ್ಗು, ಸೇಜ್ ಎಲೆ, ಎರಡು ಬಗೆಯ ಸಿದ್ಧ ಮಸಾಲೆಪುಡಿ, ಮೊಟ್ಟೆ, ಮೂರನೆಯ ಒಂದು ಬಟ್ಟಲಿನಷ್ಟು ವೈನ್, ಜೊತೆಗೆ ‘ಇಂಡಿಯಾ ರೆಲಿಷ್’ ಎಂಬ, ಭಾರತದ ಹೆಸರು ಹೊತ್ತ ಅಮೆರಿಕನ್ ಉಪ್ಪಿನಕಾಯಿ. ಹೆಮಿಂಗ್ವೇ ಬರವಣಿಗೆಯ ಮಿತವ್ಯಯವನ್ನು ಹೊಗಳುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಊರೂರಿನ ಬಗೆಗಳೂ ಇದೇ ಕಾಲದಲ್ಲಿ ಗಟ್ಟಿಯಾದವು. ಮಿನಿಯಾಪೊಲಿಸ್‌ನಲ್ಲಿ 1950ರ ದಶಕದಿಂದ ಚೀಸನ್ನು ಎರಡು ಪ್ಯಾಟಿಗಳ ನಡುವೆ ಮುಚ್ಚಿ ಬೇಯಿಸುತ್ತಾರೆ. ಎಚ್ಚರವಿಲ್ಲದೆ ಕಚ್ಚಿದವರ ನಾಲಗೆ ಸುಡುವುದು ಖಂಡಿತ. ವಿಸ್ಕಾನ್ಸಿನ್ ಹೈನುಗಾರಿಕೆಯ ನಾಡಾದ್ದರಿಂದ ಅಲ್ಲಿ ಬೆಣ್ಣೆಯ ಮುದ್ದೆಯನ್ನೇ ಮೇಲಿಡುತ್ತಾರೆ. ನ್ಯೂ ಮೆಕ್ಸಿಕೊದವರದು ಸುಟ್ಟು ಸಿಪ್ಪೆ ತೆಗೆದ ಹಸಿರು ಮೆಣಸಿನಕಾಯಿ. ಅಲ್ಲಿನ ಸ್ಯಾನ್ ಆಂಟೋನಿಯೊ ಎಂಬ ಸಣ್ಣ ಊರಿನ ‘ಔಲ್ ಬಾರ್’ 1945ರಲ್ಲಿ ಬಾಗಿಲು ತೆರೆದಾಗ, ಹತ್ತಿರದ ಮರುಭೂಮಿಯಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆಗೆ ಬಂದಿದ್ದ ವಿಜ್ಞಾನಿಗಳು ಅದರ ಗಿರಾಕಿಗಳಾಗಿದ್ದರೆಂದು ಊರವರು ಹೇಳುತ್ತಾರೆ. ಆಸ್ಟ್ರೇಲಿಯದಲ್ಲಿ ಡಬ್ಬಿಯ ಬೀಟ್‌ರೂಟ್ ಹೋಳು, ಹುರಿದ ಮೊಟ್ಟೆ, ಅನಾನಸ್ ಸೇರಿದರೆ, ಜಪಾನಿನ ಮೋಸ್ ಬರ್ಗರ್ 1973ರಲ್ಲಿ ಸೋಯಾ ಸಾಸಿನ ತೆರಿಯಾಕಿ ಬರ್ಗರ್ ತಂದಿತು.

ಈಚಿನ ಕಾಲದಲ್ಲಿ ಒಳಗಿನ ಮಸಾಲೆಯ ವಿರುದ್ಧ ಗಾಳಿ ಬೀಸಿದೆ, ಅದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಉಪ್ಪು ಮಾಂಸದಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಕರಗಿಸುತ್ತದೆ. ಕರಗಿದ ಪ್ರೋಟೀನು ಬಿಸಿಗೆ ಅಂಟಿನಂತೆ ಗಟ್ಟಿಯಾಗುತ್ತದೆ. ಸಾಸೇಜಿಗೆ ಬೇಕಾದದ್ದು ಈ ಗುಣವೇ, ಬರ್ಗರ್‌ಗೆ ಬೇಡವಾದದ್ದೂ ಇದೇ. ಕೈಮಾಕ್ಕೆ ಉಪ್ಪು ಹಾಕಿ ಕಲಸಿಟ್ಟರೆ ಪ್ಯಾಟಿ ರಬ್ಬರಿನಂತೆ ಪುಟಿಯುತ್ತದೆ. ಅದನ್ನೇ ಹೆಚ್ಚು ಮುಟ್ಟದೆ ತಟ್ಟಿ, ಕಾವಲಿಗೆ ಹಾಕುವ ಗಳಿಗೆಯಲ್ಲಿ ಮೇಲಿಂದ ಉಪ್ಪು, ಮೆಣಸಿನಪುಡಿ ಉದುರಿಸಿದರೆ ಹುಡಿಹುಡಿಯಾಗಿ ಬೇಯುತ್ತದೆ. ಮಾಂಸದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಕೊಬ್ಬಿದ್ದರೆ ಬೇರೆ ಎಣ್ಣೆಯೂ ಬೇಡ. ಇನ್ನುಳಿದ ರುಚಿ ಹುಟ್ಟುವುದು ಮೇಲ್ಮೈ ಕಂದಾಗುವಾಗ. ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳಗಳಾಗುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದರು. ಕಾವಲಿಗೆ ಒತ್ತಿ ಬೇಯಿಸುವ ಹಳೆಯ ಪದ್ಧತಿ ‘ಸ್ಮ್ಯಾಷ್ ಬರ್ಗರ್’ ಎಂಬ ಹೊಸ ಹೆಸರಿನಲ್ಲಿ ಮರಳಿರುವುದಕ್ಕೆ ಈ ಕಂದು ಪದರವೇ ಕಾರಣ. ಮಾಂಸವಿನ್ನೂ ತಣ್ಣಗಿರುವ ಮೊದಲ ಅರ್ಧ ನಿಮಿಷದಲ್ಲಿ ಒತ್ತಿದರೆ ರಸ ಸೋರುವುದಿಲ್ಲ. ಆಮೇಲೆ ಒತ್ತಿದರೆ ಎಲ್ಲವೂ ಕಾವಲಿಯ ಪಾಲು.

ತೆಳು ಪ್ಯಾಟಿಯ ಪರವಾಗಿ ಮತ್ತೊಂದು ಕಾರಣವೂ ಇದೆ. ಇಡಿಯಾದ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೊರಮೈಯಲ್ಲಿರುತ್ತವೆ, ಕೊಚ್ಚಿದಾಗ ಒಳಕ್ಕೂ ಸೇರುತ್ತವೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಬರ್ಗರ್‌ಗಳಿಂದ ಹರಡಿದ ಇ-ಕೋಲಿ ಸೋಂಕಿಗೆ 700ಕ್ಕೂ ಹೆಚ್ಚು ಜನ ತುತ್ತಾದರು, ನಾಲ್ವರು ಮಕ್ಕಳು ಸತ್ತರು. ಪ್ಯಾಟಿಯ ನಟ್ಟನಡುವೆ 71 ಡಿಗ್ರಿ ಸೆಲ್ಸಿಯಸ್ ತಲುಪಬೇಕೆಂಬುದು ಅಲ್ಲಿನ ಕೃಷಿ ಇಲಾಖೆಯ ಸೂಚನೆ. ದಪ್ಪ ಪ್ಯಾಟಿಯಲ್ಲಿ ಅಷ್ಟು ಬಿಸಿಯೇರುವ ಹೊತ್ತಿಗೆ ಅದು ಒಣಗುತ್ತದೆ, ತೆಳುವಾದದ್ದು ಕಂದಾಗುವಷ್ಟರಲ್ಲೇ ಪೂರ್ತಿ ಬೆಂದಿರುತ್ತದೆ.

ಭಾರತಕ್ಕೆ ಬರ್ಗರ್ ಸರಣಿ ಮಳಿಗೆಯಾಗಿ ಬಂದಾಗ ಮಸಾಲೆ ಮತ್ತೆ ಒಳಕ್ಕೆ ಹೋಯಿತು. ಮೆಕ್‌ಡೊನಾಲ್ಡ್ಸ್ 1996ರ ಅಕ್ಟೋಬರಿನಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ತೆರೆದ ಮಳಿಗೆಯಲ್ಲಿ ದನದ ಮಾಂಸವೂ ಇರಲಿಲ್ಲ, ಹಂದಿ ಮಾಂಸವೂ ಇರಲಿಲ್ಲ. ಸಸ್ಯಾಹಾರದ ಅಡುಗೆಗೆ ಪ್ರತ್ಯೇಕ ಜಾಗ, ಪ್ರತ್ಯೇಕ ಪಾತ್ರೆ, ಕೆಲಸಗಾರರಿಗೆ ಹಸಿರು ಏಪ್ರನ್ ಗೊತ್ತಾದವು. ಬೆಂಗಳೂರಿನ ಮಕ್ಕಳಿಗೂ ಪರಿಚಿತವಾದ ಆಲೂ ಟಿಕ್ಕಿ ಬರ್ಗರ್‌ನಲ್ಲಿ ಆಲೂಗಡ್ಡೆ, ಬಟಾಣಿಯ ಪ್ಯಾಟಿಗೆ ಖಾರದ ಮಸಾಲೆ ಕಲಸಿರುತ್ತದೆ. ಆಲೂಗಡ್ಡೆಗೆ ಮಾಂಸದಂತೆ ತನ್ನದೇ ಗಾಢ ರುಚಿ ಇಲ್ಲದಿರುವಾಗ ಬೇರೆ ದಾರಿಯೂ ಇರಲಿಲ್ಲ. ಸಾಸಿನಲ್ಲಿ ಮೊಟ್ಟೆಯಿಲ್ಲದ ಮೇಯೊನೇಸ್ ಬಳಸಿದರು. ಇಲ್ಲಿನ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗದಿದ್ದ ಐಸ್‌ಬರ್ಗ್ ಲೆಟ್ಯೂಸನ್ನು ಪುಣೆ ಬಳಿಯ ತಳೇಗಾಂವ್‌ನಲ್ಲಿ ಬೆಳೆಸಿ, ತಣ್ಣಗಿಟ್ಟ ಲಾರಿಗಳಲ್ಲಿ ಮಳಿಗೆಗಳಿಗೆ ಸಾಗಿಸುವ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಯಿತು.